ತಮಟೆ ಬಡಿಯದ ಹರಾಜು

ಹೊಳೆಕೊಪ್ಪಕ್ಕೆ ಮುಳುಗಡೆಯ ಮೂರನೆಯ ನೋಟೀಸು ತಂದವನು ಮಾರಪ್ಪ. ಕಾಗದ ತಾಲೂಕು ಕಚೇರಿಯದು, ತಮಟೆ ಅವನದು. ಮಾಸ್ತಿಕಟ್ಟೆಯಲ್ಲಿ ಬಸ್ಸಿಳಿದು ಎರಡು ಮೈಲಿ ನಡೆದು ಬಂದವನು ಸೋಮವಾರದ ಮಟಮಟ ಮಧ್ಯಾಹ್ನ ಕೆರಿಯಪ್ಪನ ಮನೆಯ ಅಂಗಳದಲ್ಲಿ ನಿಂತು ಬಡಿದ.

“ಕೇಳ್ರಪ್ಪೋ ಕೇಳ್ರಿ! ಮೇ ಇಪ್ಪತ್ತನೇ ತಾರೀಕಿನ ಒಳಗೆ ಮನೆ ಖಾಲಿ ಮಾಡ್ಬೇಕು! ಆಮೇಲೆ ನೀರು ಬಂದ್ರೆ ಸರ್ಕಾರ ಜವಾಬ್ದಾರಿ ಅಲ್ಲಾ!”

ಕೆರಿಯಪ್ಪನ ಹೆಂಡತಿ ವಿಶಾಲಮ್ಮ ಅಟ್ಟದಿಂದ ಇಳಿಸಿದ ತಾಮ್ರದ ಕೊಡಗಳಿಗೆ ಹುಣಸೆಹಣ್ಣು ಉಜ್ಜುತ್ತಿದ್ದವಳು ಎದ್ದು ಜಗಲಿಗೆ ಬಂದಳು. ಮೊದಲ ನೋಟೀಸಿನ ದಿನ ಅವಳ ಅತ್ತೆ ದುಗ್ಗಮ್ಮ ಇದೇ ಮಾರಪ್ಪನ ಮೇಲೆ ಸಗಣಿ ನೀರು ಎರಚಿದ್ದಳು. ಎರಡನೆಯ ಸಲ ನಾಯಿ ಬಿಟ್ಟಿದ್ದಳು. ಈ ಸಲ ಮುದುಕಿಗೆ ಎರಡಕ್ಕೂ ತ್ರಾಣವಿರಲಿಲ್ಲ. ಮಲಗಿದ್ದಲ್ಲಿಂದಲೇ ಕೂಗಿದಳು.

“ಯಾರೇ ಅದು ವಿಶಾಲ, ಆ ಶನಿಯಾ?”

“ಹೌದ್ರಮ್ಮಾ, ಶನೀನೇ,” ಎಂದ ಮಾರಪ್ಪ. “ನಾಯಿ ಎಲ್ಲಿ, ಕಾಣ್ತಿಲ್ಲ? ಅದು ಆಗ್ಲೇ ಖಾಲಿ ಮಾಡ್ಕಂಡು ಹೋತಾ?”

ವಿಶಾಲಮ್ಮನಿಗೆ ನಗು ತಡೆಯಲಾಗಲಿಲ್ಲ. ಸೂರಿನ ಸಂದಿಯಲ್ಲಿ ಸಿಕ್ಕಿಸಿಟ್ಟಿದ್ದ ಕರಟ ತೆಗೆದು ಮಜ್ಜಿಗೆ ಹಾಕಿಕೊಟ್ಟಳು. ಮಾರಪ್ಪನ ಜಾತಿಯವರಿಗೆಂದೇ ಆ ಮನೆಯಲ್ಲಿ ಇಟ್ಟಿದ್ದ ಕರಟ ಅದು. ನಡೆದುಕೊಂಡು ಬಂದದ್ದು ಹಾಗೆ. ಅವಳೂ ಆವರೆಗೆ ಅದರ ಬಗ್ಗೆ ಯೋಚಿಸಿದವಳಲ್ಲ. ಮಾರಪ್ಪ ಅಂಗಳದ ತುದಿಯಲ್ಲಿ ಹಲಸಿನ ಮರದ ಬೇರಿನ ಮೇಲೆ ಕೂತು ಕುಡಿದ.

“ಎಲ್ಲಿಗೆ ಹೋಗೋದು ಅಂತ ಮಾಡಿದೀರಿ ಅಮ್ಮಾ?”

ಆ ಪ್ರಶ್ನೆಗಾಗಿಯೇ ವಿಶಾಲಮ್ಮ ಎರಡು ವಾರದಿಂದ ಕಾದಿದ್ದಳು. ಊರಿನವರೆಲ್ಲ ಶೆಡ್ಡು, ಸೈಟು, ನೆಂಟರ ಮನೆಯ ಕೊಟ್ಟಿಗೆ ಎನ್ನುತ್ತಿದ್ದಾಗ ಅವರ ಮನೆಯವರು ಮಾತ್ರ ಬಂಗಲೆಗೆ ಹೋಗುವವರಿದ್ದರು.

ಅದು ಹೀಗೆ. ಕೆರಿಯಪ್ಪ, ಬೆಳ್ಳಪ್ಪ, ಕನ್ನಪ್ಪ ಮೂವರು ಅಣ್ಣತಮ್ಮಂದಿರು. ಮುದುಕಿ, ಹೆಂಗಸರು, ಮಕ್ಕಳು ಸೇರಿ ಹದಿನಾಲ್ಕು ಜನ, ಒಂದೇ ಒಲೆ. ಗೇಣಿ ಗದ್ದೆಗೆ ಉಳುವವನೇ ಒಡೆಯ ಕಾನೂನಿನಲ್ಲಿ ಡಿಕ್ಲರೇಶನ್ ಹಾಕಿ ಅದು ಸ್ವಂತದ್ದಾಗಿ ಹತ್ತು ವರ್ಷ ಆಗಿರಲಿಲ್ಲ, ಅಷ್ಟರಲ್ಲಿ ಅಣೆಕಟ್ಟು ಬಂತು. ಪರಿಹಾರ ಐವತ್ತೆಂಟು ಸಾವಿರ. ಅದನ್ನು ಮೂರು ಭಾಗ ಮಾಡಿದರೆ ಮೂವರೂ ಮೂರು ದಿಕ್ಕು, ಅಷ್ಟೇ. ದುಗ್ಗಮ್ಮ ಯಾರ ಜೊತೆ ಹೋಗುವುದು ಎಂಬ ಮಾತನ್ನು ಯಾರೂ ಬಾಯಿ ಬಿಟ್ಟು ಆಡುತ್ತಿರಲಿಲ್ಲ. ಆದರೆ ರಾತ್ರಿ ಊಟದ ಹೊತ್ತಿಗೆ ಮುದುಕಿ ಮೂರು ಸೊಸೆಯಂದಿರ ಮುಖವನ್ನೂ ಒಂದೊಂದಾಗಿ ನೋಡುವುದನ್ನು ವಿಶಾಲಮ್ಮ ಕಂಡಿದ್ದಳು.

ಹೀಗಿರುವಾಗ ಬೆಳ್ಳಪ್ಪ ಹೊಸನಗರದ ಸಂತೆಯಿಂದ ಒಂದು ಕರಪತ್ರ ತಂದ. ಗುಲಾಬಿ ಬಣ್ಣದ ಕಾಗದ, ಮೇಲೆ ಒಂದು ಫೋಟೋ. ‘ಕೋರ್ಟ್ ಹರಾಜು! ಹೊಸನಗರ–ರಿಪ್ಪನ್‌ಪೇಟೆ ರಸ್ತೆಯಲ್ಲಿ ಅರಮನೆಯಂಥ ಬಂಗಲೆ! ಹದಿಮೂರು ಕೋಣೆ, ಮೊಸಾಯಿಕ್ ನೆಲ, ಬಣ್ಣದ ಗಾಜಿನ ಕಿಟಕಿ, ಕಾರ್ ಶೆಡ್ಡು, ಫಾರಿನ್ ಕಮೋಡು! ಸಾಲದ ಬಾಬ್ತು ಜಪ್ತಿಯಾದದ್ದು. ಸವಾಲು ನಲವತ್ತು ಸಾವಿರದಿಂದ ಶುರು.’ ಸವಾಲು ಕೂಗಬೇಕಾದರೆ ಐದು ಸಾವಿರ ಠೇವಣಿಯನ್ನು ಹೊಸನಗರದ ಏಜೆಂಟ್ ಹೇರಂಬನ ಆಫೀಸಿನಲ್ಲಿ ಮೊದಲೇ ಕಟ್ಟಬೇಕು. ಗೆಲ್ಲದವರಿಗೆ ಹಣ ವಾಪಸು.

ಹದಿಮೂರು ಕೋಣೆ ಎಂಬುದನ್ನು ಬೆಳ್ಳಪ್ಪ ಮೂರು ಸಲ ಓದಿದ. ಕಮೋಡು ಎಂದರೇನು ಎಂದು ದುಗ್ಗಮ್ಮ ಕೇಳಿದಳು. ವಿವರಿಸಿದ ಮೇಲೆ, “ಕುರ್ಚಿ ಮೇಲೆ ಕೂತ್ರೆ ನಂಗೆ ನಿದ್ದೆ ಬತ್ತದೆ ಕಣಾ, ಬೇರೆ ಏನೂ ಬರಲ್ಲ,” ಎಂದಳು. ಮನೆಯಲ್ಲಿ ಎಷ್ಟೋ ತಿಂಗಳ ಮೇಲೆ ಎಲ್ಲರೂ ಒಟ್ಟಿಗೆ ನಕ್ಕರು.

ಮನೆಯನ್ನು ಹೋಗಿ ನೋಡಿಕೊಂಡು ಬರೋಣ ಎಂದು ಮಾತ್ರ ಯಾರೂ ಹೇಳಲಿಲ್ಲ. ಅದಕ್ಕೆ ಕಾರಣವಿತ್ತು. ಆ ಕಡೆಯ ಜನ ಕಷ್ಟಕ್ಕೆ ಸಿಕ್ಕಿ ಮಾರುವವನ ಎತ್ತಿನ ಹಲ್ಲನ್ನು ಅವನೆದುರು ಎಣಿಸುವುದಿಲ್ಲ. ಕೊಳ್ಳುವುದಾದರೆ ಕೊಂಡು, ಹಗ್ಗ ಹಿಡಿದು, ತಲೆ ತಗ್ಗಿಸಿ ಹೋಗುತ್ತಾರೆ. ಹಿಂದಿನ ತಿಂಗಳು ಮುಳುಗಡೆ ಮನೆಗಳ ಮರ ಕೊಳ್ಳುವ ವ್ಯಾಪಾರಿಗಳು ಹೊಳೆಕೊಪ್ಪಕ್ಕೆ ಬಂದಿದ್ದರು. ಕೇಳದೆ ಕಂಬಗಳನ್ನು ಗುದ್ದಿ ನೋಡಿದ್ದರು. ಹಿಂದಿನ ಬಾಗಿಲಿನ ಮರ ನೋಡಬೇಕೆಂದು, ಜ್ವರದಲ್ಲಿ ಮಲಗಿದ್ದ ದುಗ್ಗಮ್ಮನನ್ನು ಚಾಪೆ ಸಮೇತ ಸರಿಯಲು ಹೇಳಿದ್ದರು. ಬಂಗಲೆ ಜಪ್ತಿಯಾಗಿ ಕೂತವರ ಮುಂದೆ ತಾವೂ ಹಾಗೇ ಹೋಗಿ ನಿಲ್ಲುವುದು ಕೆರಿಯಪ್ಪನಿಗೆ ಸಾಧ್ಯವಿರಲಿಲ್ಲ. “ಸವಾಲಿನ ದಿನ ನೋಡಿದ್ರಾತು,” ಎಂದಿದ್ದ.

ಇದನ್ನೆಲ್ಲ ವಿಶಾಲಮ್ಮ ಮಾರಪ್ಪನಿಗೆ ಹೇಳಿದಳು. ಕಮೋಡು ಒಂದನ್ನು ಬಿಟ್ಟು. ಮಾರಪ್ಪ ಕೇಳುತ್ತ ಕೇಳುತ್ತ ಕರಟವನ್ನು ನೆಲದ ಮೇಲಿಟ್ಟ.

“ಸವಾಲು ಯಾವತ್ತು?”

“ಬರೋ ಹದಿನೆಂಟಕ್ಕೆ. ಗುರುವಾರ ಹೋಗಿ ಠೇವಣಿ ಕಟ್ಟಿ ಬತ್ತೀವಿ.”

“ಕೋರ್ಟು ಸವಾಲೇ ಹೌದಾ?”

“ಕಾಗದದಲ್ಲೇ ಐತೆ. ಸುಳ್ಳು ಹಾಕ್ತಾರಾ?”

ಮಾರಪ್ಪ ತಮಟೆಯ ಅಂಚನ್ನು ಹೆಬ್ಬೆರಳಿನಿಂದ ತಿಕ್ಕುತ್ತ ಹೇಳಿದ. “ನನ್ನ ಕರ್ದೇ ಇಲ್ವಲ್ಲ ಅಮ್ಮಾ.”

“ನಿನ್ನನ್ನ ಯಾಕೆ ಕರೀಬೇಕು ಮಾರಾಯ?”

“ಮತ್ತೆ? ಕೋರ್ಟಿಂದು ಅಂದ್ಮೇಲೆ ಜಪ್ತಿ ಮಾಡೋ ಅಮೀನ ಬರ್ಬೇಕು. ಬಾಗ್ಲಿಗೆ ಕಾಗದ ಅಂಟಿಸ್ಬೇಕು. ಆ ಮನೆ ಮುಂದೆ ನಿಂತು ನಾನು ಬಡೀಬೇಕು. ಮೂರೂ ಆಗ್ದೆ ಸವಾಲು ಆಗಲ್ಲ. ಈ ತಾಲೂಕಲ್ಲಿ ಹದಿನಾರು ವರ್ಷದಿಂದ ನಾನೇ. ಒಂದು ಮುರುಕು ಗಾಡಿ ಹರಾಜು ಆದ್ರೂ ಅಮೀನ ನನ್ನ ಮನೆಗೆ ಹೇಳಿ ಕಳಿಸ್ತಾನೆ. ಇಷ್ಟು ದೊಡ್ಡ ಬಂಗ್ಲೆ… ನನ್ನ ಕರ್ದಿಲ್ಲ.”

ಅವನು ಎದ್ದು ಮುಂದಿನ ಮನೆಗೆ ಹೋದ. ತಮಟೆಯ ಸದ್ದು ದಿಣ್ಣೆಯ ಆಚೆಗೆ ಇಳಿಯುವವರೆಗೂ ವಿಶಾಲಮ್ಮ ಜಗಲಿಯ ಮೇಲೇ ನಿಂತಿದ್ದಳು.

ಸಂಜೆ ಗಂಡಸರ ಮುಂದೆ ಈ ಮಾತು ತೆಗೆದರೆ ಬೆಳ್ಳಪ್ಪ ನಕ್ಕುಬಿಟ್ಟ. “ಅವನಿಗೆ ಕೂಲಿ ತಪ್ಪಿದ ಹೊಟ್ಟೆಯುರಿ ಅತ್ತಿಗೆ! ಊರೆಲ್ಲ ಪ್ರಿಂಟು ಹೊಡ್ಸಿ ಹಂಚ್ತಿರೋ ಕಾಲದಲ್ಲಿ ತಮಟೆ ಯಾರಿಗೆ ಬೇಕು?”

“ತಾಲೂಕು ಕಚೇರಿಯವರಿಗೆ ಬೇಕಾಗಿತ್ತಲ್ಲ ಇವತ್ತು,” ಎಂದಳು ವಿಶಾಲಮ್ಮ.

“ನಮಗೆ ಓದಕ್ಕೆ ಬರಲ್ಲ ಅಂತ ಕಳಿಸಿದಾರೆ. ಬಂಗ್ಲೆ ತಗಳ್ಳೋರಿಗೆ ಓದಕ್ಕೆ ಬತ್ತದೆ.”

ಓದಲು ಬರುತ್ತಿದ್ದವನು ಆ ಮನೆಯಲ್ಲಿ ಅವನೊಬ್ಬನೇ. ಹಾಗಾಗಿ ಮಾತು ಅಲ್ಲಿಗೇ ಮುಗಿಯಿತು. ಆದರೆ ಗುರುವಾರ ಬೆಳಿಗ್ಗೆ ಕೆರಿಯಪ್ಪ ಐದು ಸಾವಿರವನ್ನು ಪಂಚೆಯ ಒಳಗೆ ಸೊಂಟಕ್ಕೆ ಕಟ್ಟಿಕೊಂಡು ಹೊರಟಾಗ ವಿಶಾಲಮ್ಮನೂ ಸೀರೆ ಬದಲಿಸಿ ನಿಂತಿದ್ದಳು.

“ನೀನೆಂತಕ್ಕೆ?”

“ಹದಿಮೂರು ಕೋಣೆ ಗುಡಿಸೋಳು ನಾನು. ಗಂಡಸರು ಬತ್ತಾರಾ ಗುಡ್ಸಕ್ಕೆ?”

ಹೇರಂಬನ ಆಫೀಸು ಒಂದು ಸೈಕಲ್ ಶಾಪಿನ ಮಹಡಿಯಲ್ಲಿತ್ತು. ಮೇಜು, ಫೋನು, ಗೋಡೆಯ ಮೇಲೆ ಅದೇ ಬಂಗಲೆಯ ದೊಡ್ಡ ಫೋಟೋ. ಇಸ್ತ್ರಿ ಅಂಗಿಯ ಹೇರಂಬ ಎದ್ದು ನಿಂತು ಇಬ್ಬರಿಗೂ ಕುರ್ಚಿ ಎಳೆದ. ಕೆರಿಯಪ್ಪನಿಗೆ ಆವರೆಗೆ ಯಾವ ಆಫೀಸಿನಲ್ಲೂ ಯಾರೂ ಕುರ್ಚಿ ಎಳೆದಿರಲಿಲ್ಲ. ಅವನ ಕೈ ಆಗಲೇ ಸೊಂಟಕ್ಕೆ ಹೋಯಿತು. ವಿಶಾಲಮ್ಮ ಅವನ ಮೊಣಕೈಯನ್ನು ಮೆಲ್ಲಗೆ ಹಿಡಿದಳು.

“ಮನೆ ಒಂದ್ಸಲ ನೋಡ್ಬಹುದಾ ಸ್ವಾಮೀ?”

ಹೇರಂಬನ ಮುಖ ಕಳೆಗುಂದಿತು. ಕೋಪದಿಂದಲ್ಲ, ದುಃಖದಿಂದ. “ನೋಡ್ಬಹುದು ಅಮ್ಮಾ. ಬೇಡ ಅನ್ನೋಕೆ ನಾನ್ಯಾರು? ಆದ್ರೆ ಆ ಮನೆಯಾಕೆ ಊಟ ಬಿಟ್ಟು ಹತ್ತು ದಿನ ಆತು. ಹೋದ ವಾರ ಯಾರೋ ನೋಡಕ್ಕೆ ಹೋದ್ರು ಅಂತ ಬಾವಿ ಕಟ್ಟೆ ಹತ್ತಿಬಿಟ್ಟಿದ್ರು. ನಿಮ್ಮಂಥ ಮುಳುಗಡೆಯವ್ರಿಗೆ ಮನೆ ಕಳ್ಕೊಳ್ಳೋದು ಅಂದ್ರೆ ಏನು ಅಂತ ನಾನು ಹೇಳ್ಬೇಕಾ?”

ಕೆರಿಯಪ್ಪನ ಕಣ್ಣು ತೇವವಾಯಿತು. “ಬ್ಯಾಡ ಬ್ಯಾಡ, ಬಿಡಿ,” ಎಂದ.

ವಿಶಾಲಮ್ಮನಿಗೂ ನಾಚಿಕೆಯಾಯಿತು. ಚಾಪೆ ಸಮೇತ ಸರಿದ ಅತ್ತೆ ಕಣ್ಣ ಮುಂದೆ ಬಂದಳು. ಕೇಳಬಾರದ್ದನ್ನು ಕೇಳಿದೆ ಎಂದು ಎದ್ದೇಬಿಡುತ್ತಿದ್ದಳು. ಆದರೂ ಇನ್ನೊಂದು ಪ್ರಶ್ನೆ ಉಳಿದಿತ್ತು; ಅದನ್ನು ಕೇಳಿ ಮುಗಿಸಿಬಿಡೋಣ ಎಂದುಕೊಂಡಳು.

“ತಮಟೆ ಬಡ್ಸಿದೀರಾ ಸ್ವಾಮೀ?”

“ಬಡಿಸ್ದೆ ಇರ್ತೀವಾ? ಕಾನೂನು ಐತಲ್ಲ. ಅಮೀನರೇ ಬಂದಿದ್ರು, ಬಂಗ್ಲೆ ಬಾಗಿಲಲ್ಲೇ ಬಡಿಸಿದ್ದು.”

“ಯಾವಾಗ?”

“ಇದೇ ಸೋಮವಾರ. ಹನ್ನೆರಡು ಗಂಟೆ ಹೊತ್ತಿಗೆ.”

“ಯಾರು ಬಡ್ದಿದ್ದು?”

ಹೇರಂಬ ನಕ್ಕ. ಹಳ್ಳಿ ಹೆಂಗಸಿನ ವಿಚಾರಣೆ ಅವನಿಗೆ ತಮಾಷೆಯಾಗಿ ಕಂಡಿರಬೇಕು. “ಇನ್ಯಾರು ಅಮ್ಮಾ? ಈ ತಾಲೂಕಿಗೆಲ್ಲ ಇರೋದು ಒಬ್ನೇ. ಮಾರಪ್ಪ. ಬೇಕಾದ್ರೆ ಅವನನ್ನೇ ಕೇಳಿ.”

ಸೋಮವಾರ ಹನ್ನೆರಡು ಗಂಟೆಗೆ ಮಾರಪ್ಪ ಅವಳ ಅಂಗಳದಲ್ಲಿದ್ದ. ನಲವತ್ತು ಮೈಲಿಯಾಚೆಯ ಬಾಗಿಲಲ್ಲಿ ಅದೇ ಹೊತ್ತಿಗೆ ಅವನು ಇರುವುದು ಸಾಧ್ಯವಿರಲಿಲ್ಲ. ವಿಶಾಲಮ್ಮ ಗಂಡನ ಕಡೆ ನೋಡಿದಳು. ಕೆರಿಯಪ್ಪ ಆ ದಿನ ಗದ್ದೆಯಲ್ಲಿದ್ದ. ಅವನಿಗೆ ಇನ್ನೂ ಹೊಳೆದಿರಲಿಲ್ಲ. ಅವನ ಒಂದು ಕೈ ಪಂಚೆಯ ಗಂಟು ಬಿಚ್ಚುತ್ತಲೇ ಇತ್ತು.

“ಅಯ್ಯೋ, ಎಂತ ಹುಡುಕ್ತೀರಿ?” ಎಂದಳು ಅವಳು, ಗಟ್ಟಿಯಾಗಿ. “ದುಡ್ಡಿರೋದು ಬೆಳ್ಳಪ್ಪನ ಹತ್ರ ಅಲ್ವಾ? ಎರಡು ಗಂಟೆ ಬಸ್ಸಿಗೆ ಬತ್ತೀನಿ ಅಂದಿದಾನಲ್ಲ!”

ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಕೆರಿಯಪ್ಪ ಹೆಂಡತಿಯ ಮಾತು ಅರ್ಥವಾಗದೆಯೂ ಒಪ್ಪಿದ ಸಂದರ್ಭಗಳು ಕಡಿಮೆ. ಪುಣ್ಯಕ್ಕೆ ಅವತ್ತು ಒಪ್ಪಿದ. “ಹೌದಲ್ಲ, ಮರ್ತೇಬಿಟ್ಟೆ,” ಎಂದು ಎದ್ದ. ಹೇರಂಬ ಮೆಟ್ಟಿಲವರೆಗೂ ಬಂದು ಕಳಿಸಿಕೊಟ್ಟ. “ಎರಡೂವರೆ ಒಳಗೆ ಬನ್ನಿ. ಇನ್ನು ಒಂದೇ ಜಾಗ ಖಾಲಿ ಇರೋದು.”

ಕೆಳಗಿಳಿದು, ರಸ್ತೆ ದಾಟಿ, ಹೋಟೆಲಿನ ಗೋಡೆಯ ಮರೆಗೆ ಹೋದ ಮೇಲೆ ವಿಶಾಲಮ್ಮ ನಿಂತಳು. ಗಂಡನಿಗೆ ಹೇಳಿದಳು. ಕೆರಿಯಪ್ಪ ಸೊಂಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಹೊಟ್ಟೆನೋವು ಬಂದವನ ಹಾಗೆ ನಿಂತ.

“ಮಾರಪ್ಪನೇ ಸುಳ್ಳು ಹೇಳಿದ್ರೆ?”

“ನಮ್ಮನೆ ಮಜ್ಜಿಗೆ ಕುಡಿದಿದ್ದು ಸುಳ್ಳಾ? ನಾನೇ ಕೊಟ್ಟಿದ್ದು.”

“ಹಂಗಾದ್ರೆ ಆ ಮನೆ?”

“ಬನ್ನಿ, ನೋಡೇಬಿಡಣ. ಆಯಮ್ಮ ಬೈದ್ರೆ ಬೈಸ್ಕಳಣ.”

ರಿಪ್ಪನ್‌ಪೇಟೆ ಬಸ್ಸಿನಲ್ಲಿ ಕಂಡಕ್ಟರಿಗೆ ಬಂಗಲೆ ಎಂದದ್ದೇ ತಡ, ಸರಿಯಾಗಿ ಗೇಟಿನ ಮುಂದೆ ಇಳಿಸಿದ. ಫೋಟೋದಲ್ಲಿದ್ದದ್ದೇ ಮನೆ. ಮೊಸಾಯಿಕ್ ನೆಲವೂ ಇತ್ತು, ಬಣ್ಣದ ಗಾಜೂ ಇತ್ತು. ಬಾಗಿಲಿಗೆ ಕಾಗದ ಅಂಟಿಸಿದ ಗುರುತಿರಲಿಲ್ಲ. ಮಾವಿನ ತೋರಣ ಇತ್ತು. ಊಟ ಬಿಟ್ಟು ಹತ್ತು ದಿನವಾದ ಹೆಂಗಸು ಪೋರ್ಟಿಕೋದಲ್ಲಿ ಕಾಲು ಚಾಚಿ ಕೂತು, ಒಣಹಾಕಿದ ಹಪ್ಪಳಕ್ಕೆ ಬಂದ ಕಾಗೆಯನ್ನು ಕೋಲಿನಿಂದ ಓಡಿಸುತ್ತ, ಇನ್ನೊಂದು ಕೈಯಲ್ಲಿ ಚಕ್ಕುಲಿ ತಿನ್ನುತ್ತಿದ್ದಳು.

ಹೆಸರು ಜಲಜಮ್ಮ. ತೀರ್ಥಹಳ್ಳಿ ಕಡೆಯ ಹೂವಯ್ಯಗೌಡರ ಹೆಂಡತಿ. ಗೌಡರು ಕಂಟ್ರಾಕ್ಟಿನಲ್ಲಿ ಗಳಿಸಿ ಹೋದ ವರ್ಷ ಈ ಮನೆ ಕಟ್ಟಿಸಿದ್ದರು. ಗೃಹಪ್ರವೇಶವಾಗಿ ಒಕ್ಕಲಾದ ದಿನ ಫೋಟೋ ತೆಗೆಯಲು ಯಾರು ಯಾರೋ ಬಂದಿದ್ದರು.

“ಹರಾಜಾ? ನಮ್ಮನೆಯಾ?” ಜಲಜಮ್ಮ ಒಳಗೆ ತಿರುಗಿ ಕೂಗಿದಳು. “ಇಲ್ಲಿ ಕೇಳಿ! ನಿಮ್ಮ ಮನೆ ನಲವತ್ತು ಸಾವಿರಕ್ಕೆ ಹೋಗ್ತಂತೆ! ನಂಗೆ ಹೇಳ್ದೆ ಯಾವಾಗ ಸಾಲ ಮಾಡಿದ್ರಿ?”

ಹೂವಯ್ಯಗೌಡರು ಬಂದು ಕರಪತ್ರ ನೋಡಿ ಮೊದಲು ಕೆಂಪಾದರು, ಆಮೇಲೆ ಜೀಪು ತೆಗೆದರು. ಜೀಪು ಬರುವಷ್ಟರಲ್ಲಿ ಜಲಜಮ್ಮ ವಿಶಾಲಮ್ಮನ ಕೈಗೆ ಚಕ್ಕುಲಿ ಇಟ್ಟು, “ನೀವು ಬಂದು ಕೇಳಿದ್ದು ಒಳ್ಳೇದಾತು. ಬೇರೆ ಯಾರೂ ಬರ್ಲೇ ಇಲ್ವಲ್ಲ, ಯಾಕೆ?” ಎಂದಳು.

“ನೀವು ಅಳ್ತಿರ್ತೀರಿ ಅಂತ,” ಎಂದಳು ವಿಶಾಲಮ್ಮ.

ಪೊಲೀಸರನ್ನು ಕರೆದುಕೊಂಡು ಹೋಗುವ ಹೊತ್ತಿಗೆ ಮೂರು ಗಂಟೆ. ಹೇರಂಬನ ಮಹಡಿಯ ಬಾಗಿಲಿಗೆ ಬೀಗ. ಫೋನಿಗೆ ತಂತಿಯೇ ಇರಲಿಲ್ಲವೆಂದು ಆಮೇಲೆ ಗೊತ್ತಾಯಿತು. ಹೇರಂಬನನ್ನು ಎಂಟು ತಿಂಗಳ ಮೇಲೆ ಬೇರೆ ಜಿಲ್ಲೆಯಲ್ಲಿ ಹಿಡಿದರು. ಆಗ ಅವನ ಹತ್ತಿರ ಇದ್ದದ್ದು ಒಂದು ವಾಚು ಮಾತ್ರ. ಮುಳುಗಡೆ ಊರುಗಳ ಒಂಬತ್ತು ಮನೆಯವರು ಠೇವಣಿ ಕಟ್ಟಿದ್ದರು. ಒಂಬತ್ತೂ ಮನೆಯವರು ಮರ್ಯಾದಸ್ಥರು, ಒಬ್ಬರೂ ಬಂಗಲೆಯ ಕಡೆ ತಲೆ ಹಾಕಿರಲಿಲ್ಲ. ಯಾರಿಗೂ ಹಣ ವಾಪಸು ಬರಲಿಲ್ಲ.

ಠಾಣೆಯಲ್ಲಿ ಹೇಳಿಕೆ ಕೊಡಲು ಮಾರಪ್ಪನಿಗೂ ಕರೆ ಹೋಗಿತ್ತು. ಬಗಲಲ್ಲಿ ತಮಟೆಯಿಲ್ಲದ ಅವನನ್ನು ವಿಶಾಲಮ್ಮ ತಕ್ಷಣ ಗುರುತಿಸಲಿಲ್ಲ. ಹೇಳಿಕೆಗೆ ಹೆಬ್ಬೆಟ್ಟು ಒತ್ತಿ, ಶಾಯಿಯನ್ನು ತಲೆಗೂದಲಿಗೆ ಒರೆಸಿಕೊಂಡು ಅವನು ಹೊರಗೆ ಬಂದಾಗ ಅವಳು ಮೆಟ್ಟಿಲ ಹತ್ತಿರ ಕಾದಿದ್ದಳು. ಏನು ಹೇಳಬೇಕೆಂದು ಬಸ್ಸಿನಲ್ಲಿ ಯೋಚಿಸಿಕೊಂಡು ಬಂದಿದ್ದಳು. ಎದುರು ನಿಂತಾಗ ಒಂದೂ ನೆನಪಾಗಲಿಲ್ಲ.

“ನಿನ್ನಿಂದ ಉಳ್ಕಂಡ್ವಿ ಮಾರಪ್ಪ.”

“ನಾನೆಂತ ಮಾಡ್ದೆ ಅಮ್ಮಾ? ನನ್ನ ಕರ್ದಿಲ್ಲ ಅಂದೆ, ಅಷ್ಟೇ. ನನ್ನನ್ನ ಕರೀದೇ ಇರೋ ಕಡೆ ಬೇಕಾದಷ್ಟು ಐತೆ. ಎಲ್ಲಾ ಕಡೆ ಹಿಂಗೆ ಯಾರಾದ್ರೂ ಉಳ್ಕಂಡಿದ್ರೆ ನಾನು ಇಷ್ಟೊತ್ತಿಗೆ ದೇವರಾಗ್ತಿದ್ದೆ.”

“ತಮಾಷಿ ಅಲ್ಲ. ನಮ್ಮತ್ತೆ ಮಾಡಿದ್ದಕ್ಕೆ, ನೀನು ಬಾಯಿ ಮುಚ್ಕಂಡು ಹೋಗಿದ್ರೂ ಆಗ್ತಿತ್ತು.”

ಮಾರಪ್ಪ ಹೆಬ್ಬೆರಳಿನ ಶಾಯಿಯನ್ನು ಮತ್ತೊಮ್ಮೆ ತಲೆಗೂದಲಿಗೆ ತಿಕ್ಕಿದ. “ಹದಿನಾರು ವರ್ಷ ಮನೆ ಹೋಗೋದನ್ನೇ ಬಡ್ದಿದೀನಿ. ಎಲ್ಲರೂ ಉಗೀತಾರೆ. ನಾನು ಬಡ್ದಿದ್ದಕ್ಕೇ ಮನೆ ಹೋತು ಅಂತಾರೆ. ಒಂದು ಸಲ ನಾನು ಬಡೀದೇ ಇರೋದ್ರಿಂದ ಒಂದು ಮನೆ ಉಳೀತು ಅಂದ್ರೆ… ಆಗ್ಲಿ ಬಿಡಿ. ನಂಗೂ ಒಂಥರಾ ಆತು.”

ಬಂಗಲೆಯ ಆಸೆ ಹೋಯಿತು. ಆದರೆ ಐವತ್ತೆಂಟು ಸಾವಿರ ಹಾಗೇ ಇತ್ತು, ಪಾಲು ಮಾಡುವ ಮಾತು ಮತ್ತೆ ಶುರುವಾಯಿತು. ಈ ಸಲ ವಿಶಾಲಮ್ಮ ಬಾಯಿ ಹಾಕಿದಳು. ಆನಂದಪುರದ ಹತ್ತಿರ ಎರಡೂಕಾಲು ಎಕರೆ ಗದ್ದೆ, ಪಕ್ಕದಲ್ಲೇ ಮನೆ ಮಾರಾಟಕ್ಕಿತ್ತು. ಅವಳು ಮೂರು ಸಲ ಹೋಗಿ ನೋಡಿದಳು. ಬಾವಿಗೆ ಹಗ್ಗ ಇಳಿಸಿ ನೀರು ಅಳೆದಳು. ಪಕ್ಕದ ಮನೆಯವರನ್ನು ಕೇಳಿದಳು. ಮಾರುವವರ ಅಜ್ಜಿಯ ಹತ್ತಿರ ಕೂತು, “ನಿಮಗೆ ಬೇಜಾರಾದ್ರೆ ಹೇಳಿಬಿಡಿ, ನಾನು ನೋಡ್ಲೇಬೇಕು,” ಎಂದಳು. ಅಜ್ಜಿ, “ನೋಡು ಮಾರಾಯ್ತಿ, ನೋಡ್ದೆ ತಗಳ್ಳೋರನ್ನ ಕಂಡ್ರೇ ನಂಗೆ ಅನುಮಾನ,” ಎಂದಳು. ಕೊಂಡದ್ದಾಯಿತು. ಹದಿಮೂರು ಕೋಣೆಯಲ್ಲ, ಐದು. ಮಕ್ಕಳು ಅಡ್ಡಡ್ಡ ಮಲಗಬೇಕು. ಬೆಳ್ಳಪ್ಪನ ಹೆಂಡತಿಗೂ ಕನ್ನಪ್ಪನ ಹೆಂಡತಿಗೂ ಮೊದಲ ವಾರದಲ್ಲೇ ಜಗಳವಾಯಿತು. ಬೆಳ್ಳಪ್ಪನಂತೂ ಕರಪತ್ರದ ಸುದ್ದಿ ಬಂದರೆ ದನ ನೋಡುವ ನೆವ ತೆಗೆದು ಹೊರಗೆ ಹೋಗುತ್ತಿದ್ದ. ಆದರೂ ಹದಿನಾಲ್ಕು ಜನಕ್ಕೆ ಒಂದೇ ಒಲೆ.

ಒಕ್ಕಲಿನ ಊಟಕ್ಕೆ ಕೆರಿಯಪ್ಪ ತಾನೇ ಹೋಗಿ ಮಾರಪ್ಪನನ್ನು ಕರೆದಿದ್ದ. ಹನ್ನೆರಡಕ್ಕೆ ಬರಲಿಲ್ಲ, ಒಂದಕ್ಕೂ ಬರಲಿಲ್ಲ. ಎಲ್ಲರ ಪಂಕ್ತಿ ಎದ್ದು, ಎಲೆ ಎತ್ತಿ, ನೆಲ ಒರೆಸಿಯಾದ ಮೇಲೆ ಎರಡೂವರೆಗೆ ಬಂದ. ಎಲ್ಲಿ ಕೂರಿಸುವುದು ಎಂಬ ಪೇಚು ಯಾರಿಗೂ ಬರಬಾರದೆಂದು ಅವನು ಲೆಕ್ಕ ಹಾಕಿಯೇ ತಡವಾಗಿ ಬಂದಿದ್ದಾನೆ ಎಂಬುದು ವಿಶಾಲಮ್ಮನಿಗೆ ಗೊತ್ತಾಯಿತು. ಅವಳೂ ಉಂಡಿರಲಿಲ್ಲ.

“ಜಗಲಿ ಮೇಲೆ ಹಾಕಲಾ ಅತ್ತೆ?” ಎಂದು ಕೇಳಿದಳು. ಒಳಗೆ ಎಂದು ಕೇಳುವ ಧೈರ್ಯ ಆ ವರ್ಷ ಅವಳಿಗೂ ಇರಲಿಲ್ಲ. ಕೇಳಬೇಕಿತ್ತು ಎಂದು ಅನ್ನಿಸಿದ್ದು ಆಮೇಲೆ.

ದುಗ್ಗಮ್ಮ ಗೋಡೆ ಹಿಡಿದು ಎದ್ದಳು. ವಿಶಾಲಮ್ಮ ಜಗಲಿಯ ಮೇಲೆ ಎರಡು ಎಲೆ ಹಾಕಿದಳು, ಒಂದು ಮಾರಪ್ಪನಿಗೆ, ಎದುರಿಗೆ ಒಂದು ತನಗೆ. ಮಾರಪ್ಪ ನಿಂತೇ ಇದ್ದ.

“ಕೂತ್ಕೋ ಮಾರಾಯ, ಹಸಿವಾಗ್ತದೆ ನಂಗೆ.”

ಅವನು ಕೂತ. ಮುದುಕಿ ಪಾಯಸದ ಪಾತ್ರೆಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಹೊರಗೆ ಬಂದಳು. ಸೊಸೆಯಂದಿರು ಎದ್ದು ಬಂದರೂ ಕೊಡಲಿಲ್ಲ. ಪಾತ್ರೆ ಕೆಳಗಿಟ್ಟು ಬಗ್ಗಿ, ಮಾರಪ್ಪನ ಎಲೆಗೆ ಒಂದು ಸೌಟು ಹಾಕಿದಳು, ಎರಡು ಹಾಕಿದಳು. ಪಾಯಸ ಎಲೆಯ ಅಂಚಿಗೆ ಹರಿಯಿತು.

“ಸಾಕ್ರಮ್ಮಾ, ಸಾಕು.”

“ಉಣ್ಣಾ ಸುಮ್ನೆ. ನೀನು ಬಾಯಿ ಬಿಡ್ದಿದ್ರೆ ಇದನ್ನ ಆ ಹಡಬೆ ನನ್ಮಗ ಉಣ್ತಿದ್ದ.”

ಮಾರಪ್ಪ ಎಲೆಯ ಅಂಚನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ಪಾಯಸ ತಡೆದ. ದುಗ್ಗಮ್ಮ ಸೌಟು ಕೆಳಗಿಡದೆ, ಅವನು ಮುಗಿಸುವುದನ್ನೇ ಕಾಯುತ್ತ ಕಂಬಕ್ಕೆ ಒರಗಿ ನಿಂತಳು.